ಗೋಡೆಯ ತೇವ ಮತ್ತು ಬೂಷ್ಟು: ಲಕ್ಷಣ, ನಿದಾನ, ಪರಿಹಾರ

ನಮ್ಮ ಭಾಷೆಯಲ್ಲಿ ತೇವಕ್ಕೆ ಒಳ್ಳೆಯ ಹೆಸರಿದೆ. ದಯೆಯುಳ್ಳವನನ್ನು ಆರ್ದ್ರಹೃದಯನೆನ್ನುತ್ತೇವೆ. ಒಕ್ಕಲಿಗನು ಹೊಲದ ಮಣ್ಣನ್ನು ಹಿಡಿಯಲ್ಲಿ ಹಿಚುಕಿ 'ಹಸಿ ಇದೆ' ಎಂದರೆ ಅದು ಶುಭವಾರ್ತೆ. ಜೂನ್ ತಿಂಗಳ ಕೊನೆಯ ಭಾಗದಲ್ಲಿ ಹುಟ್ಟುವ ಆರಿದ್ರಾ ಮಳೆಯ ಹೆಸರೇ ಸಂಸ್ಕೃತದ 'ಆರ್ದ್ರಾ' ಶಬ್ದದಿಂದ ಬಂದುದು. ಒದ್ದೆಯಾದುದು ಎಂದು ಅದರ ಅರ್ಥ. ಹೃದಯಕ್ಕೂ ಹೊಲಕ್ಕೂ ಗುಣವಾದ ಈ ತೇವವು ಮನೆಯ ಗೋಡೆಯನ್ನು ಸೇರಿದಾಗ ಮಾತ್ರ ದೋಷವಾಗಿ ಪರಿಣಮಿಸುತ್ತದೆ. ತೇವದ ಬೆನ್ನಿಗೆ ಮುಗ್ಗು ವಾಸನೆ, ಮುಗ್ಗಿನ ಬೆನ್ನಿಗೆ ಬೂಷ್ಟು, ಬೂಷ್ಟಿನ ಬೆನ್ನಿಗೆ ಕೆಮ್ಮು. ಹೀಗೆ ಒಂದರ ಕೈಹಿಡಿದು ಇನ್ನೊಂದು ಒಳಗೆ ಬರುತ್ತದೆ.

ಈ ಸ್ಮರಣ ಸಂಚಿಕೆಯ ಸಂಪಾದಕ ಮಂಡಲಿಯವರು ನನ್ನಿಂದ ಷಟ್ಪದಿಯ ವಿಚಾರವಾಗಿಯೋ ವಚನಗಳ ಭಾಷೆಯ ವಿಚಾರವಾಗಿಯೋ ಒಂದು ಲೇಖನವನ್ನು ಅಪೇಕ್ಷಿಸಿದ್ದರು. ಅವರ ಒಪ್ಪಿಗೆ ಪಡೆದು ವಿಷಯವನ್ನು ಬದಲಿಸಿಕೊಂಡಿದ್ದೇನೆ. ಕಾರಣವಿಷ್ಟೆ: ನಮ್ಮ ಶಾಲೆಯ ಗೋಡೆಗಳ ವಿಷಯದಲ್ಲಿ ನಾನೊಂದು ತಪ್ಪು ಮಾಡಿದೆ. ಆ ತಪ್ಪಿನಿಂದ ದಾನಿಯೊಬ್ಬರ ಹಣ ವ್ಯರ್ಥವಾಯಿತು. ಹಲವು ಪುಸ್ತಕಗಳು ಹಾಳಾದವು. ಒಬ್ಬ ವಿದ್ಯಾರ್ಥಿಯು ಎರಡು ಮಾಗಿಕಾಲ ಉಬ್ಬಸದಿಂದ ಬಳಲಿದನು. ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುವ ಅಧ್ಯಾಪಕರೂ, ಅವುಗಳ ಜೀರ್ಣೋದ್ಧಾರಕ್ಕೆ ಧನಸಹಾಯ ಮಾಡುವ ಮಹನೀಯರೂ ಈ ಸಂಚಿಕೆಯನ್ನು ಓದುವವರಾದುದರಿಂದ, ನಾನು ತಡವಾಗಿ ಕಲಿತ ಪಾಠವನ್ನು ಇಲ್ಲಿ ನಿವೇದಿಸುವುದು ಕರ್ತವ್ಯವೆಂದು ಭಾವಿಸಿದ್ದೇನೆ.

೧. ನಡೆದ ಸಂಗತಿ

ನಮ್ಮ ಪ್ರಸಾದ ನಿಲಯದ ಹಳೆಯ ಭಾಗವನ್ನು ಹಿರಿಯ ವಿದ್ಯಾರ್ಥಿಗಳು ಬಲ್ಲರು. ಜಂಬಿಟ್ಟಿಗೆಯ ೧೮ ಅಂಗುಲ ದಪ್ಪದ ಗೋಡೆ, ಸುಣ್ಣದ ಗಾರೆ, ಮೇಲೆ ಮಂಗಳೂರು ಹೆಂಚು. ಇಪ್ಪತ್ತನಾಲ್ಕು ಮಂದಿ ಹುಡುಗರು ಮಲಗುವ ಒಂದು ದೊಡ್ಡ ಕೋಣೆ. ಅದರ ಉತ್ತರಕ್ಕೆ ಗೋಡೆಗೆ ಗೋಡೆ ಸೇರಿದಂತೆ ಪುಸ್ತಕದ ಕೋಣೆ. ಮಲೆನಾಡಿನ ಸೆರಗಿನ ಊರು ನಮ್ಮದು. ನಾಲ್ಕು ತಿಂಗಳ ಮಳೆ ಕಳೆದು, ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಬೆಳಗಿನ ಎಂಟು ಗಂಟೆಯವರೆಗೂ ಮಂಜು ಕವಿದಿರುತ್ತದೆ.

೨೦೧೫ರ ಮಾಗಿಯಲ್ಲಿ ಈ ಎರಡು ಕೋಣೆಗಳ ಗೋಡೆಯ ಬುಡದಲ್ಲಿ ಕಂದು ಬಣ್ಣದ ಕಲೆಯೂ, ಮೂಲೆಗಳಲ್ಲಿ ಕರಿಯ ಚುಕ್ಕೆಗಳೂ ಕಾಣಿಸಿದವು. ದುರಸ್ತಿಯ ಹೊಣೆ ಆಗ ನನ್ನ ಮೇಲಿತ್ತು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಕೇಳಿದೊಡನೆಯೇ ಹಣ ಕೊಟ್ಟರು. ನಾನು ಯಾರನ್ನೂ ವಿಚಾರಿಸದೆ, ಹಳೆಯ ಗಾರೆಯನ್ನು ಕೆತ್ತಿಸಿ, ನಾಲ್ಕು ಅಡಿಯ ಎತ್ತರಕ್ಕೆ ಸಿಮೆಂಟು ಗಾರೆ ಮಾಡಿಸಿ, ಮೇಲೆ ಹೊಳೆಯುವ ಎಣ್ಣೆಬಣ್ಣ ಬಳಿಸಿದೆ. ಧೂಳೂ ಬಾವಲಿಯೂ ಬರುತ್ತವೆಂದು ಗೋಡೆಗೂ ಹೆಂಚಿಗೂ ನಡುವಣ ಸಂದನ್ನು ಹಲಗೆಯಿಂದ ಮುಚ್ಚಿಸಿದೆ. ಮೇಲಿನ ಬೆಳಕಿಂಡಿಗಳಿಗೆ ಗಾಜು ಕೂರಿಸಿದೆ. ಕೋಣೆಗಳು ಮದುವೆಯ ಮನೆಯಂತೆ ಹೊಳೆದವು. ಎಲ್ಲರೂ ಮೆಚ್ಚಿದರು; ನಾನೂ ಹಿಗ್ಗಿದೆ.

ಎರಡು ವರ್ಷ ತುಂಬುವಷ್ಟರಲ್ಲಿ ಬಣ್ಣವು ಹಪ್ಪಳದಂತೆ ಉಬ್ಬಿತು. ಸಿಮೆಂಟು ಗಾರೆ ಮುಗಿಯುವ ನಾಲ್ಕು ಅಡಿಯ ಗೆರೆಗೂ ಮೇಲೆ ಹೊಸದಾಗಿ ಕಲೆ ಮೂಡಿತು. ಅಲ್ಲಿ ಬಿಳಿಯ ಉಪ್ಪು ಹೂವಿನಂತೆ ಅರಳಿತು. ಹಲಗೆಯ ಮಾಳಿಗೆಯ ಮೂಲೆಗಳು ಕಪ್ಪಾದವು. ಎಂಟನೆಯ ತರಗತಿಯ ಹುಡುಗನೊಬ್ಬನಿಗೆ ಮೂಲೆಯ ಹಾಸಿಗೆ. ಚಳಿ ಬಂದೊಡನೆ ಅವನಿಗೆ ರಾತ್ರಿಯೆಲ್ಲ ಕೆಮ್ಮು, ಉಬ್ಬಸ. ರಜೆಗೆ ಊರಿಗೆ ಹೋದರೆ ವಾರದೊಳಗೆ ಗುಣ. ಮರಳಿದರೆ ಮತ್ತೆ ಅದೇ ಪಾಡು. ಮೊದಲ ವರ್ಷ ನಾವು ಅದನ್ನು ನೆಗಡಿಯೆಂದೇ ತಿಳಿದೆವು. ೨೦೧೮ರ ಆರಂಭದಲ್ಲಿ ಅವನನ್ನು ಕರೆದೊಯ್ದಾಗ ವೈದ್ಯರು ಎದೆಯನ್ನು ಪರೀಕ್ಷಿಸಿ, ಮದ್ದು ಬರೆದುಕೊಟ್ಟು, ನನ್ನ ಕಡೆಗೆ ತಿರುಗಿ, "ಈ ಹುಡುಗ ಮಲಗುವ ಕೋಣೆಯ ಗೋಡೆ ಹೇಗಿದೆ?" ಎಂದು ಕೇಳಿದರು. ನಾನು ಉತ್ತರಿಸಲಾರದೆ ನಿಂತೆ.

ಮರುದಿನ ಪೂಜ್ಯ ಶ್ರೀಗಳವರ ಸನ್ನಿಧಿಗೆ ಹೋಗಿ, ಗೋಡೆಗೆ ಇನ್ನೂ ಒಳ್ಳೆಯ ಬಣ್ಣ ಬಳಿಸಲು ಅಪ್ಪಣೆ ಬೇಡಿದೆನು. ಶ್ರೀಗಳು ಕೇಳಿದುದು ಒಂದೇ ಮಾತು: "ಪಂಡಿತರೆ, ಬಣ್ಣ ಬಳಿದ ಮೇಲೆ ಆ ನೀರು ಎಲ್ಲಿಗೆ ಹೋಗುತ್ತದೆ?"

ಈ ಲೇಖನದ ತಿರುಳೆಲ್ಲ ಆ ಒಂದು ಪ್ರಶ್ನೆಯಲ್ಲಿದೆ. ಗೋಡೆಯ ತೇವಕ್ಕೆ ಪರಿಹಾರ ಹುಡುಕುವವರು ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ನೀರು ಎಲ್ಲಿಂದ ಬಂದಿತು? ಎಲ್ಲಿಗೆ ಹೋಗಬೇಕು? ಈ ಎರಡಕ್ಕೆ ಉತ್ತರ ದೊರೆಯುವವರೆಗೆ ಒಂದು ಬಕೆಟ್ಟು ಬಣ್ಣವನ್ನೂ ಕೊಳ್ಳಬಾರದು.

೨. ಲಕ್ಷಣ: ಮೂರು ಬಗೆಯ ತೇವ

ಗೋಡೆಗೆ ನೀರು ಬರುವ ದಾರಿಗಳು ಮುಖ್ಯವಾಗಿ ಮೂರು. ಅವನ್ನು ನೆಲದ ತೇವ, ಮಳೆಯ ತೇವ, ಉಸಿರಿನ ತೇವ ಎಂದು ಕರೆಯೋಣ.

ನೆಲದ ತೇವವು ಕೆಳಗಿನಿಂದ ಮೇಲಕ್ಕೆ ಏರುವುದು. ಹಣತೆಯ ಎಣ್ಣೆ ಬತ್ತಿಯ ತುದಿಗೆ ಏರುವುದನ್ನು ನಾವು ದಿನವೂ ಕಾಣುತ್ತೇವಷ್ಟೆ. ಇಟ್ಟಿಗೆ, ಜಂಬಿಟ್ಟಿಗೆ, ಗಾರೆ ಇವುಗಳಲ್ಲಿರುವ ಕಣ್ಣಿಗೆ ಕಾಣದ ರಂಧ್ರಗಳೂ ಆ ಬತ್ತಿಯ ಎಳೆಗಳಂತೆಯೇ ನೆಲದ ನೀರನ್ನು ಮೇಲಕ್ಕೆ ಹೀರುತ್ತವೆ. ಸಾಮಾನ್ಯವಾಗಿ ಇದು ನೆಲದಿಂದ ಮೂರು ಅಡಿಯ ಆಸುಪಾಸಿಗೆ ಏರಿ, ಅಲ್ಲಿ ಉದ್ದಕ್ಕೆ ಒಂದು ಅಲೆಗೆರೆಯನ್ನು ಬರೆಯುತ್ತದೆ. ನೀರು ಆರಿಹೋದರೂ ಅದು ಮಣ್ಣಿನಿಂದ ತಂದ ಉಪ್ಪು ಗೋಡೆಯಲ್ಲಿ ಉಳಿದು ಹರಳುಗಟ್ಟಿ ಗಾರೆಯನ್ನು ಒಳಗಿನಿಂದ ಒಡೆಯುತ್ತದೆ. ಹೊಸ ಕಟ್ಟಡಗಳಲ್ಲಿ ತಳಪಾಯದ ಮೇಲೆ, ಗೋಡೆ ಏಳುವ ಮೊದಲು, ತೇವವನ್ನು ತಡೆಯುವ ಒಂದು ಪದರವನ್ನು ಹಾಕುತ್ತಾರೆ. ಹಳೆಯ ಕಟ್ಟಡಗಳಲ್ಲಿ ಅದು ಇರುವುದಿಲ್ಲ.

ಮಳೆಯ ತೇವವು ಮೇಲಿನಿಂದಲೋ ಪಕ್ಕದಿಂದಲೋ ಬರುವುದು. ಸರಿದ ಹೆಂಚು, ಕಸ ಕಟ್ಟಿದ ದೋಣಿ, ಕಿಟಕಿಯ ಚೌಕಟ್ಟಿನ ಬಿರುಕು, ಗಾಳಿಯ ಮುಖಕ್ಕಿರುವ ಗೋಡೆ ಇವೇ ಅದರ ಬಾಗಿಲುಗಳು. ಇದರ ಕಲೆ ತೇಪೆಯಂತೆ ಅಲ್ಲಲ್ಲಿ ಇರುತ್ತದೆ. ಮಳೆ ಬಂದಾಗ ಹಿಗ್ಗಿ, ಬಿಸಿಲು ಬಂದಾಗ ಕುಗ್ಗುತ್ತದೆ. ಒಡೆದ ನೀರಿನ ಕೊಳವೆಯ ಕಲೆಯೂ ಹೀಗೆಯೇ ತೋರುವುದು. ಆದರೆ ಅದು ಬಿಸಿಲಿಗೆ ಕುಗ್ಗುವುದಿಲ್ಲ.

ಉಸಿರಿನ ತೇವವು ಕೋಣೆಯೊಳಗೇ ಹುಟ್ಟುವುದು. ಮನುಷ್ಯರ ಉಸಿರು, ಬೆವರು, ಅಡುಗೆಯ ಆವಿ, ಒಳಗೆ ಹರವಿದ ಬಟ್ಟೆ ಇವುಗಳ ನೀರು ಗಾಳಿಯಲ್ಲಿ ಸೇರಿ, ತಣ್ಣಗಿನ ಗೋಡೆಯನ್ನು ಮುಟ್ಟಿ, ಹಿಮದ ಹನಿಯಂತೆ ಕೂರುತ್ತದೆ. ಮೂಲೆಗಳಲ್ಲಿ, ಕಪಾಟಿನ ಹಿಂದೆ, ಟ್ರಂಕುಗಳ ಸಾಲಿನ ಹಿಂದೆ, ಅಂದರೆ ಗಾಳಿ ಆಡದ ಎಡೆಗಳಲ್ಲೆಲ್ಲ ಕರಿಯ ಚುಕ್ಕೆಗಳಾಗಿ ಇದು ಪ್ರಕಟವಾಗುವುದು. ಇದರಲ್ಲಿ ಉಪ್ಪು ಇರುವುದಿಲ್ಲ. ಮಾಗಿಯ ಬೂಷ್ಟಿಗೆ ಮುಖ್ಯ ಕಾರಣ ಇದೇ.

೩. ನಿದಾನ: ಪರೀಕ್ಷೆಯ ವಿಧಾನ

ರೋಗದ ಮೂಲವನ್ನು ತಿಳಿಯದೆ ಮದ್ದು ಕೊಡುವ ವೈದ್ಯನಿಲ್ಲ. ಗೋಡೆಗೂ ಈ ನಿಯಮ ಅನ್ವಯಿಸುತ್ತದೆ. ಶಾಲೆಯ ಮಕ್ಕಳೂ ಮಾಡಬಹುದಾದ ಒಂದು ಸುಲಭ ಪರೀಕ್ಷೆಯಿದೆ. ಒಂದು ಅಡಿ ಉದ್ದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚನ್ನು ಗಾಳಿ ಹೋಗದಂತೆ ಅಂಟುಪಟ್ಟಿಯಿಂದ ಭದ್ರಪಡಿಸಿ, ಎರಡು ದಿನ ಬಿಡಬೇಕು. ಬಳಿಕ ಮುಂಜಾನೆ ನೋಡಿದರೆ, ಹಾಳೆಯ ಹೊರಮೈ, ಅಂದರೆ ಕೋಣೆಯ ಕಡೆಯ ಮೈ, ಒದ್ದೆಯಾಗಿದ್ದರೆ ಅದು ಉಸಿರಿನ ತೇವ. ಗೋಡೆಯ ಕಡೆಯ ಮೈ ಒದ್ದೆಯಾಗಿದ್ದರೆ ನೀರು ಗೋಡೆಯ ಒಳಗಿನಿಂದ ಬರುತ್ತಿದೆ. ಅದು ನೆಲದ್ದೋ ಮಳೆಯದೋ ಕೊಳವೆಯದೋ ಎಂಬುದನ್ನು ಮೇಲೆ ಹೇಳಿದ ಲಕ್ಷಣಗಳಿಂದ ನಿಶ್ಚಯಿಸಬೇಕು. ಎರಡೂ ಮೈ ಒದ್ದೆಯಾಗಿದ್ದರೆ ದೋಷ ಎರಡೂ ಕಡೆ ಇದೆ.

ಒಂದೇ ಹಾಳೆಯನ್ನು ನಂಬಬಾರದು. ನಾವು ವಿಜ್ಞಾನದ ಅಧ್ಯಾಪಕರ ನೆರವಿನಿಂದ ಗೋಡೆಯ ಬುಡದಲ್ಲಿ, ನಾಲ್ಕು ಅಡಿಯ ಮೇಲೆ, ಮಾಳಿಗೆಯ ಮೂಲೆಯಲ್ಲಿ ಹೀಗೆ ಹಲವು ಹಾಳೆಗಳನ್ನು ಅಂಟಿಸಿದೆವು. ಬುಡದಲ್ಲಿ ಒಳಮೈ ಒದ್ದೆ. ಮೇಲಿನ ಮೂಲೆಯಲ್ಲಿ ಹೊರಮೈ ಒದ್ದೆ. ನಮ್ಮ ಕೋಣೆಗೆ ಎರಡು ರೋಗಗಳಿದ್ದವು. ನಾನು ಎರಡಕ್ಕೂ ಒಂದೇ ಮುಲಾಮು ಹಚ್ಚಿದ್ದೆ.

೪. ಮಾಗಿಯಲ್ಲಿಯೇ ಏಕೆ?

ಮಳೆಗಾಲದ ದೋಷ ಮಳೆಗಾಲದಲ್ಲಿ ಕಾಣದೆ ಮಾಗಿಯಲ್ಲಿ ಏಕೆ ಕಾಣುತ್ತದೆಂದು ಅನೇಕರು ಕೇಳುತ್ತಾರೆ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ದಪ್ಪ ಗೋಡೆ ಆರುವುದು ಬಹು ನಿಧಾನ. ನೀರು ಕುಡಿದ ಗೋಡೆ ತಿಂಗಳಿಗೆ ಒಂದು ಅಂಗುಲದಂತೆ ಆರುವುದೆಂದು ಕಟ್ಟಡ ಬಲ್ಲವರ ಒಂದು ಸ್ಥೂಲ ಅಂದಾಜು. ನಮ್ಮ ೧೮ ಅಂಗುಲದ ಗೋಡೆ ಎರಡು ಮೈಯಿಂದಲೂ ಆರಿದರೂ ಒಂಬತ್ತು ತಿಂಗಳು ಬೇಕು. ಅಷ್ಟರಲ್ಲಿ ಮುಂದಿನ ಮುಂಗಾರು ಬಂದಿರುತ್ತದೆ. ಒಂದು ಮೈಗೆ ಎಣ್ಣೆಬಣ್ಣ ಬಳಿದರಂತೂ ಆರುವ ದಾರಿ ಅರ್ಧವಾಯಿತು.

ಎರಡನೆಯದು, ಗಾಳಿಯ ಸ್ವಭಾವ. ಬೆಚ್ಚಗಿನ ಗಾಳಿ ಹೆಚ್ಚು ಆವಿಯನ್ನು ಹೊರಬಲ್ಲದು, ತಣ್ಣನೆಯದು ಹೊರಲಾರದು. ೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರು ಗಾಳಿ ಸುಮಾರು ೨೩ ಗ್ರಾಂ ನೀರನ್ನು ಆವಿಯ ರೂಪದಲ್ಲಿ ಧರಿಸಬಲ್ಲದು. ೨೦ ಡಿಗ್ರಿಯಲ್ಲಿ ಸುಮಾರು ೧೭ ಗ್ರಾಂ. ೧೫ ಡಿಗ್ರಿಯಲ್ಲಿ ಸುಮಾರು ೧೩ ಗ್ರಾಂ ಮಾತ್ರ. ಬೆಚ್ಚಗಿನ ಗಾಳಿ ಚಳಿಯ ಗೋಡೆಯನ್ನು ತಾಗಿದಾಗ, ಹೊರಲಾರದ ಹೊರೆಯನ್ನು ಅಲ್ಲಿಯೇ ಇಳಿಸುತ್ತದೆ.

ಇನ್ನು ನಮ್ಮ ಕೋಣೆಯ ಲೆಕ್ಕ ನೋಡೋಣ. ವಿಶ್ರಾಂತಿಯಲ್ಲಿರುವ ಮನುಷ್ಯನ ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು ೪೦ ಗ್ರಾಂ ನೀರು ಹೊರಬರುವುದು. ಇಪ್ಪತ್ತನಾಲ್ಕು ಮಂದಿ ಎಂಟು ಗಂಟೆ ಮಲಗಿದರೆ ಏಳೂವರೆ ಲೀಟರಿಗೂ ಹೆಚ್ಚು. ಹುಡುಗರು ಮಲಗಿದ ಮೇಲೆ ಯಾರಾದರೂ ಅರ್ಧ ಬಕೆಟ್ಟು ನೀರನ್ನು ಆ ಕೋಣೆಯ ಗೋಡೆಗೆ ಎರಚಿ ಹೋದರೆ ನಾವು ಸುಮ್ಮನಿರುತ್ತಿದ್ದೆವೆ? ಆದರೆ ಪ್ರತಿ ರಾತ್ರಿ ನಡೆಯುತ್ತಿದ್ದುದು ಹೆಚ್ಚುಕಡಿಮೆ ಅದೇ. ಹಿಂದೆ ಈ ಆವಿ ಹೆಂಚಿನ ಸಂದಿನಿಂದ ಹೊರಹೋಗುತ್ತಿತ್ತು. ಆ ಸಂದನ್ನು ಮುಚ್ಚಿಸಿದವನು ನಾನೇ.

ಅಡುಗೆಮನೆಗೂ ಇದೇ ನ್ಯಾಯ. ಒಂದು ಕಿಲೋಗ್ರಾಂ ಅಡುಗೆ ಅನಿಲ ಉರಿದರೆ ಒಂದೂವರೆ ಕಿಲೋಗ್ರಾಮಿಗೂ ಮಿಕ್ಕಿ ನೀರಾವಿ ಹುಟ್ಟುತ್ತದೆ. ೧೪.೨ ಕಿಲೋಗ್ರಾಮಿನ ಒಂದು ಸಿಲಿಂಡರು ಮುಗಿಯುವಷ್ಟರಲ್ಲಿ ೨೦ ಲೀಟರಿಗೂ ಹೆಚ್ಚು ನೀರು ಅಡುಗೆಮನೆಯ ಗಾಳಿಗೆ ಸೇರಿರುತ್ತದೆ. ಅನ್ನ ಸಾರುಗಳ ಆವಿ ಇದಕ್ಕೆ ಹೊರತು.

ಬೂಷ್ಟು ಎಂಬುದು ಒಂದು ಜೀವಿ. ಶಿಲೀಂಧ್ರ ವರ್ಗಕ್ಕೆ ಸೇರಿದುದು. ಅದರ ಬೀಜಕಣಗಳು ಎಲ್ಲ ಗಾಳಿಯಲ್ಲಿಯೂ ಇವೆ. ಅವನ್ನು ಇಲ್ಲವಾಗಿಸುವುದು ಅಸಾಧ್ಯ. ಮೊಳೆಯಲು ಅದಕ್ಕೆ ಬೇಕಾದ ಆಹಾರವೂ ಅತ್ಯಲ್ಪ: ಧೂಳು, ಬಣ್ಣದ ಅಂಟು, ಕಾಗದ, ಮರ ಇಷ್ಟೇ ಸಾಕು. ಗೋಡೆಯನ್ನು ತಾಗಿದ ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ ೮೦ರ ಮೇಲೆ ದಿನಗಟ್ಟಲೆ ನಿಂತರೆ, ಹನಿ ಕಾಣದಿದ್ದರೂ ಅದು ಬೆಳೆಯುವುದು. ಆದುದರಿಂದ ನಮ್ಮ ಕೈಯಲ್ಲಿರುವುದು ನೀರನ್ನು ತಡೆಯುವುದೊಂದೇ. ವಿಶ್ವ ಆರೋಗ್ಯ ಸಂಸ್ಥೆಯು ೨೦೦೯ರಲ್ಲಿ ಒಳಾಂಗಣದ ತೇವ ಮತ್ತು ಬೂಷ್ಟನ್ನು ಕುರಿತು ಒಂದು ಮಾರ್ಗದರ್ಶಿಯನ್ನೇ ಪ್ರಕಟಿಸಿ, ಇಂತಹ ಕೋಣೆಗಳಲ್ಲಿ ವಾಸಿಸುವವರಿಗೆ ಕೆಮ್ಮು ಉಬ್ಬಸಗಳು ಹೆಚ್ಚೆಂದು ಎಚ್ಚರಿಸಿದೆ. ವೈದ್ಯರು ನನ್ನನ್ನು ಕೇಳಿದ ಪ್ರಶ್ನೆಯ ಹಿಂದೆ ಇದ್ದ ತಿಳಿವು ಇದೇ.

೫. ಪರಿಹಾರ: ಕ್ರಮವೇ ಮುಖ್ಯ

೨೦೧೯ರ ಬೇಸಿಗೆಯಲ್ಲಿ, ಸುಣ್ಣದ ಕೆಲಸದಲ್ಲಿ ನುರಿತ ಒಬ್ಬ ವೃದ್ಧ ಮೇಸ್ತ್ರಿಯನ್ನು ಕರೆಸಿದೆವು. ಅವರು ಎಣ್ಣೆಬಣ್ಣದ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ, "ಮೇಷ್ಟ್ರೆ, ಗೋಡೆಗೆ ಉಸಿರು ಕಟ್ಟಿಸಿದ್ದೀರಿ" ಎಂದರು. ನೆಲದಿಂದ ಏರಿದ ನೀರಿಗೆ ಸುಣ್ಣದ ಗಾರೆಯಲ್ಲಿ ಹೊರಬರುವ ದಾರಿಯಿತ್ತು. ಸಿಮೆಂಟೂ ಎಣ್ಣೆಬಣ್ಣವೂ ಆ ದಾರಿಯನ್ನು ಮುಚ್ಚಿದವು. ದಾರಿ ಕಾಣದ ನೀರು ಇನ್ನೂ ಮೇಲಕ್ಕೆ ಏರಿ, ನಾಲ್ಕು ಅಡಿಯ ಗೆರೆಯನ್ನು ದಾಟಿ ಹೊರಬಂದಿತು. ಹೊಸ ಕಟ್ಟಡಕ್ಕೆ ಸಿಮೆಂಟು ಉಪಕಾರಿಯೇ ಸರಿ. ತೇವತಡೆಯಿಲ್ಲದ ಹಳೆಯ ಸುಣ್ಣದ ಗೋಡೆಗೆ ಅದನ್ನು ಮೆತ್ತುವುದು ಯೋಗ್ಯವಲ್ಲ.

ಮೇಸ್ತ್ರಿಯವರ ಮಾರ್ಗದರ್ಶನದಲ್ಲಿ ನಾವು ಅನುಸರಿಸಿದ ಕ್ರಮ ಹೀಗಿದೆ.

ಮೊದಲು ಹೊರಗಿನ ಕೆಲಸ. ಸರಿದ ಹೆಂಚುಗಳನ್ನು ಸರಿಪಡಿಸಿ, ಸೂರಿನ ದೋಣಿಯ ಕಸ ತೆಗೆಸಿದೆವು. ವರ್ಷಗಳಿಂದ ಗೋಡೆಯ ಹೊರಬುಡದಲ್ಲಿ ಮಣ್ಣು ತುಂಬಿ ಒಳನೆಲದ ಮಟ್ಟಕ್ಕೆ ಬಂದಿತ್ತು. ಅದನ್ನು ಅರ್ಧ ಅಡಿಗೂ ಹೆಚ್ಚು ಕೆಳಗಿಳಿಸಿ, ನೀರು ಗೋಡೆಯಿಂದ ದೂರಕ್ಕೆ ಹರಿಯುವಂತೆ ಇಳಿಜಾರು ಮಾಡಿ, ಚರಂಡಿ ತೆಗೆಸಿದೆವು. ಗೋಡೆಗೆ ತಾಗಿದಂತೆ ನಾನೇ ನೆಡಿಸಿ ದಿನವೂ ನೀರುಣಿಸುತ್ತಿದ್ದ ಹೂವಿನ ಪಾತಿಯನ್ನು ಬೇರೆಡೆಗೆ ಸಾಗಿಸಿದೆವು.

ಎರಡನೆಯದಾಗಿ ಸಿಮೆಂಟು ಗಾರೆಯನ್ನೂ ಎಣ್ಣೆಬಣ್ಣವನ್ನೂ ಪೂರ್ತಿಯಾಗಿ ಕೆತ್ತಿ ತೆಗೆಸಿ, ಗೋಡೆಯನ್ನು ಬೇಸಿಗೆಯುದ್ದಕ್ಕೂ ಬೆತ್ತಲೆಯಾಗಿ ಆರಲು ಬಿಟ್ಟೆವು. ಅರಳಿದ ಉಪ್ಪನ್ನು ಒಣ ಕುಂಚದಿಂದ ಉದುರಿಸಿ ಹೊರಗೆ ಚೆಲ್ಲಬೇಕು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಗೋಡೆಯೊಳಕ್ಕೆ ಮರಳುವುದು.

ಮೂರನೆಯದಾಗಿ ಸುಣ್ಣ, ಮರಳು, ಇಟ್ಟಿಗೆಯ ಪುಡಿ ಬೆರೆಸಿದ ಗಾರೆ. ಅದು ಬಲಿತ ಮೇಲೆ ತೆಳುವಾಗಿ ಮೂರು ಸಲ ಸುಣ್ಣ. ಸುಣ್ಣದ ಮಹಿಮೆಯನ್ನು ನಮ್ಮ ಹಿರಿಯರು ಬಲ್ಲರು. ಸುಣ್ಣಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ಗೋಡೆಗೆ ಬಳಿದರೆ, ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮರಳಿ ಕಲ್ಲಾಗುತ್ತದೆ. ನೀರಾವಿಯನ್ನು ಹೋಗಗೊಡುತ್ತದೆ, ಹೊಸ ಸುಣ್ಣದ ತೀಕ್ಷ್ಣವಾದ ಕ್ಷಾರಗುಣವನ್ನು ಬೂಷ್ಟು ಸಹಿಸದು. ಕ್ಷಾರವು ಕಾಲಕ್ರಮದಲ್ಲಿ ಕುಗ್ಗುವುದರಿಂದ ಪ್ರತಿ ವರ್ಷವೂ ಸುಣ್ಣ ಬಳಿಯುವ ಪದ್ಧತಿ ಅರ್ಥವತ್ತಾದುದು. ಎಣ್ಣೆಬಣ್ಣದ ಮೇಲೆ ಮಾತ್ರ ಸುಣ್ಣ ನಿಲ್ಲದು. ಬಳಿಯುವಾಗ ಕಣ್ಣಿಗೆ ಸಿಡಿಯದಂತೆ ಎಚ್ಚರವಿರಬೇಕು.

ನಾಲ್ಕನೆಯದಾಗಿ ಗಾಳಿ. ಮಾಳಿಗೆಯ ಹಲಗೆಗಳನ್ನು ಕಳಚಿ, ಸಂದಿಗೆ ಬಾವಲಿ ನುಸುಳದಂತೆ ತಂತಿಬಲೆ ಹೊಡೆಸಿ, ಬೆಳಕಿಂಡಿಗಳ ಗಾಜನ್ನು ತೆಗೆಸಿದೆವು. ತೇವ ಮತ್ತು ಸೆಕೆ ಕೂಡಿದ ಹವೆಯ ಪ್ರದೇಶಗಳಲ್ಲಿ ಕೋಣೆಯ ಕಿಟಕಿ ಬೆಳಕಿಂಡಿಗಳ ತೆರವು ನೆಲದ ವಿಸ್ತೀರ್ಣದ ಆರನೆಯ ಒಂದು ಪಾಲಿಗೆ ಕಡಿಮೆಯಿರಬಾರದೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನನ್ನ ದುರಸ್ತಿಯ ಬಳಿಕ ನಮ್ಮ ಕೋಣೆಯಲ್ಲಿ ಅದರ ಅರ್ಧವೂ ಉಳಿದಿರಲಿಲ್ಲ.

ಈಗಾಗಲೇ ಬೆಳೆದ ಬೂಷ್ಟನ್ನು ತೆಗೆಯುವ ಬಗೆಗೂ ಒಂದು ಮಾತು. ಒಣಗಿದ ಬೂಷ್ಟನ್ನು ಪೊರಕೆಯಿಂದ ಗುಡಿಸಬಾರದು. ಬೀಜಕಣಗಳು ಹಾರಿ ಉಸಿರಿನೊಳಗೆ ಸೇರುತ್ತವೆ. ಕೋಣೆಯಿಂದ ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ತೆರೆದು, ಮೂಗು ಬಾಯಿಗೆ ಮುಸುಕು ಕಟ್ಟಿ, ಗೋಡೆಯನ್ನು ಸೋಪಿನ ನೀರಿನಿಂದ ಮೊದಲು ಒದ್ದೆ ಮಾಡಿ ಒರಸಿ, ಒರಸಿದ ಬಟ್ಟೆಯನ್ನು ಎಸೆದು, ಗೋಡೆ ಪೂರ್ತಿ ಆರಿದ ಬಳಿಕವೇ ಸುಣ್ಣ ಬಳಿಯಬೇಕು. ಉಬ್ಬಸವಿರುವವರು ಈ ಕೆಲಸಕ್ಕೆ ಕೈ ಹಾಕಬಾರದು. ಟೈಲು, ಗಾಜುಗಳಂತಹ ಗಟ್ಟಿ ಮೈಗೆ ಬ್ಲೀಚಿಂಗ್ ಪುಡಿಯ ತಿಳಿನೀರು ಸಲ್ಲುತ್ತದೆ. ಆದರೆ ಅದನ್ನು ಪಾಯಿಖಾನೆ ತೊಳೆಯುವ ಆಮ್ಲದೊಡನೆಯಾಗಲಿ ಅಮೋನಿಯಾದೊಡನೆಯಾಗಲಿ ಎಂದಿಗೂ ಬೆರೆಸಬಾರದು, ವಿಷಾನಿಲ ಹುಟ್ಟುತ್ತದೆ.

೬. ಪಥ್ಯ: ನಿತ್ಯದ ನಡವಳಿ

ಮದ್ದಿನಷ್ಟೇ ಪಥ್ಯವೂ ಮುಖ್ಯ. ಪ್ರಸಾದ ನಿಲಯದಲ್ಲಿ ನಾವು ಇಂದಿಗೂ ಪಾಲಿಸುವ ನಿಯಮಗಳು ಇವು. ಮಲಗುವ ಕೋಣೆಯ ಮೇಲಿನ ಕಿಂಡಿಗಳು ರಾತ್ರಿಯಿಡೀ ತೆರೆದಿರಬೇಕು. ಚಳಿಗೆ ಇನ್ನೊಂದು ಕಂಬಳಿ ಕೊಡಬೇಕೇ ಹೊರತು ಕಿಂಡಿ ಮುಚ್ಚಬಾರದು. ಮಂಜಿನ ಗಾಳಿ ಒದ್ದೆಯೆಂದು ಹೆದರಬೇಕಾಗಿಲ್ಲ. ೧೩ ಡಿಗ್ರಿಯ ಮಂಜಿನ ಗಾಳಿಯಲ್ಲಿ ಘನ ಮೀಟರಿಗೆ ಇರುವ ಆವಿ ಸುಮಾರು ೧೧ ಗ್ರಾಂ. ಮುಚ್ಚಿದ ಕೋಣೆಯಲ್ಲಿ ಮಲಗಿದವರ ಉಸಿರು ತುಂಬಿದ ಬೆಚ್ಚಗಿನ ಗಾಳಿಯಲ್ಲಿ ಅದಕ್ಕಿಂತ ಹೆಚ್ಚು ಇರುತ್ತದೆ. ಎದ್ದೊಡನೆ ಎಲ್ಲ ಕಿಟಕಿಗಳನ್ನೂ ತೆರೆಯಬೇಕು. ಹಾಸಿಗೆಗಳನ್ನು ಬಿಸಿಲಿಗೆ ಹಾಕಬೇಕು. ಒದ್ದೆ ಬಟ್ಟೆಯನ್ನು ಒಳಗೆ ಹರವಬಾರದು. ಟ್ರಂಕು, ಕಪಾಟುಗಳು ಗೋಡೆಯಿಂದ ಒಂದು ಗೇಣು ದೂರವಿರಬೇಕು. ಮಲಗುವ ಕೋಣೆಗೆ ಅಡುಗೆಮನೆಯ ಆವಿ ಬರುವ ಬಾಗಿಲನ್ನು ಮುಚ್ಚಿಡಬೇಕು.

೭. ಗ್ರಂಥಗಳ ವಿಚಾರ

ಪುಸ್ತಕದ ಕೋಣೆಯ ಮಾತು ಬಂದಾಗ ಒಂದು ಸಂಗತಿ ನೆನಪಾಗುತ್ತದೆ. ಡಾ. ಫ. ಗು. ಹಳಕಟ್ಟಿಯವರು ಊರೂರು ಅಲೆದು ಓಲೆಗರಿಗಳನ್ನು ಕಲೆಹಾಕಿ ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದರು. ಆ ಓಲೆಗಳು ಅವರ ಕೈಗೆ ಬರುವವರೆಗೆ ಉಳಿದುದು ಮಠಗಳಲ್ಲಿ, ಮನೆಗಳಲ್ಲಿ ಹೆಸರಿಲ್ಲದ ಎಷ್ಟೋ ಜನ ಅವನ್ನು ನೀರಿನಿಂದ, ಹುಳುವಿನಿಂದ ಕಾಪಾಡಿದುದರಿಂದ. ಓಲೆಯ ಕಟ್ಟನ್ನು ಬಟ್ಟೆಯಲ್ಲಿ ಸುತ್ತಿ ನೆಲದಿಂದ ಮೇಲಕ್ಕೆ, ಒಲೆಯ ಕಾವು ತಾಕುವ ಅಟ್ಟದಲ್ಲಿ ಇಡುವ ರೂಢಿಯನ್ನು ಮೌಢ್ಯವೆನ್ನಲಾಗದು. ಅದು ತೇವದ ಲಕ್ಷಣವನ್ನು ಅರಿತವರ ಉಪಾಯ.

ಪುಸ್ತಕದ ಕೋಣೆಯ ಪಥ್ಯ ಮಲಗುವ ಕೋಣೆಯದಕ್ಕಿಂತ ಭಿನ್ನ. ಅಲ್ಲಿ ಉಸಿರಾಡುವವರಿಲ್ಲ; ತೇವವೆಲ್ಲ ಹೊರಗಿನಿಂದಲೇ ಬರಬೇಕು. ಆದುದರಿಂದ ಮಳೆಗಾಲದಲ್ಲಿ ಕಿಟಕಿಗಳನ್ನು ಮುಚ್ಚಿ ಒಳಗೆ ಬೀಸಣಿಗೆ ತಿರುಗಿಸಬೇಕು. ಮಾಗಿಯಲ್ಲಿ ಹಗಲು ಹನ್ನೊಂದರಿಂದ ನಾಲ್ಕರವರೆಗೆ, ಹೊರಗಿನ ಗಾಳಿ ಒಣಗಿರುವಾಗ, ತೆರೆಯಬೇಕು. ಆರ್ದ್ರತಾಮಾಪಕವೊಂದನ್ನು ಗೋಡೆಗೆ ತೂಗುಹಾಕಿ, ೬೦ರ ಕೆಳಗೆ ಇರುವಂತೆ ಪ್ರಯತ್ನಿಸಬೇಕು. ಕಪಾಟು ನೆಲದಿಂದ ಅರ್ಧ ಅಡಿ ಮೇಲಿರಲಿ. ಬೂಷ್ಟು ಹಿಡಿದ ಪುಸ್ತಕವನ್ನು ಒದ್ದೆ ಬಟ್ಟೆಯಿಂದ ಒರಸದೆ, ಉಳಿದವುಗಳಿಂದ ಬೇರ್ಪಡಿಸಿ, ನೆರಳಿನ ಗಾಳಿಯಲ್ಲಿ ಆರಿಸಿ, ಹೊರಗೆ ಕೊಂಡೊಯ್ದು ಮೃದುವಾದ ಕುಂಚದಿಂದ ಶುಚಿಗೊಳಿಸಬೇಕು. ನುಸಿಗುಳಿಗೆಯು ಕೀಟಗಳಿಗೆ ಹಾಕುವುದು. ಬೂಷ್ಟಿಗೆ ಅದು ಮದ್ದಲ್ಲ.

ಇಷ್ಟೆಲ್ಲ ತಿಳಿದ ಮೇಲೂ ನಾವು ಇನ್ನೊಮ್ಮೆ ಸೋತೆವು. ೨೦೨೦ರ ಮಾರ್ಚಿನಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳೆಲ್ಲ ಮುಚ್ಚಿದವು. ಪುಸ್ತಕದ ಕೋಣೆಗೆ ಬೀಗ ಬಿದ್ದಿತು. ಇಡೀ ಮಳೆಗಾಲ ಬೀಸಣಿಗೆ ತಿರುಗಲಿಲ್ಲ, ಕಿಟಕಿ ತೆರೆಯುವವರಿರಲಿಲ್ಲ. ಮರಳಿ ಬಾಗಿಲು ತೆರೆದಾಗ ಗೋಡೆ ಸ್ವಚ್ಛವಾಗಿಯೇ ಇತ್ತು. ಕೆಳಸಾಲಿನ ನಿಘಂಟುಗಳ ಬೆನ್ನ ಮೇಲೆ ಮಾತ್ರ ಬೂದಿಬಣ್ಣದ ಬೂಷ್ಟು. ಗೋಡೆಯನ್ನು ಸರಿಪಡಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲವೆಂಬುದನ್ನು ಆ ನಿಘಂಟುಗಳು ನನಗೆ ಕಲಿಸಿದವು.

೮. ದಾನಿಗಳಲ್ಲಿ ವಿಜ್ಞಾಪನೆ

ಫಲವೇನಾಯಿತೆಂದು ವಾಚಕರು ಕೇಳಬಹುದು. ಮಲಗುವ ಕೋಣೆಯ ಮೂಲೆಗಳು ಆ ಬಳಿಕ ಕಪ್ಪಾಗಿಲ್ಲ. ಉಪ್ಪಿನ ಗೆರೆ ನೆಲದಿಂದ ಒಂದು ಅಡಿಗೆ ಇಳಿದಿದೆ. ಪೂರ್ತಿಯಾಗಿ ಮಾಯವಾಗಿಲ್ಲ, ತೇವತಡೆಯಿಲ್ಲದ ಗೋಡೆಯಲ್ಲಿ ಆಗುವುದೂ ಇಲ್ಲ. ಬಚ್ಚಲಿಗೆ ತಾಗಿದ ಒಂದು ಮೂಲೆ ಇನ್ನೂ ನಮ್ಮನ್ನು ಕಾಡುತ್ತಿದೆ. ಆ ಹುಡುಗನು ಮೂಲೆಯ ಹಾಸಿಗೆಯನ್ನು ಬಿಟ್ಟು, ಮದ್ದಿನೊಡನೆ ಗುಣ ಹೊಂದಿ, ಹತ್ತನೆಯ ತರಗತಿಯನ್ನು ನಮ್ಮಲ್ಲಿಯೇ ಮುಗಿಸಿ ಹೋದನು.

ಹಣ ಕೊಟ್ಟ ಹಳೆಯ ವಿದ್ಯಾರ್ಥಿಯವರಿಗೆ ನಡೆದುದನ್ನೆಲ್ಲ ಪತ್ರ ಮುಖೇನ ತಿಳಿಸಿ ಕ್ಷಮೆ ಬೇಡಿದೆ. ಅವರು ಮರುಟಪಾಲಿನಲ್ಲಿ ಬರೆದುದು ಹೀಗೆ: "ಗುರುಗಳೆ, ಈ ಸಲ ದೋಣಿಗೂ ಚರಂಡಿಗೂ ಕೊಡುತ್ತೇನೆ. ಹೆಸರಿನ ಕಲ್ಲು ಬೇಡ." ಸೂರಿನ ದೋಣಿಯ ಮೇಲೆ ಯಾರ ಹೆಸರನ್ನೂ ಕೆತ್ತುವುದಿಲ್ಲ, ಚರಂಡಿಯ ಉದ್ಘಾಟನೆಗೆ ಯಾರೂ ಬರುವುದಿಲ್ಲ. ಆದರೂ ಕಟ್ಟಡವನ್ನು ಕಾಯುವವು ಅವೇ. ದಾಸೋಹ ನಡೆಯುವ ಸಂಸ್ಥೆಯ ಬಂಧುಗಳಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಹೊಸ ಕಟ್ಟಡಕ್ಕೆ ದಾನ ನೀಡುವ ಮಹನೀಯರು ಅದರ ಒಂದು ಪಾಲನ್ನು ವರ್ಷ ವರ್ಷದ ಸುಣ್ಣಕ್ಕೆ, ಹೆಂಚಿಗೆ, ದೋಣಿಯ ಕಸ ತೆಗೆಯುವ ಆಳಿನ ಕೂಲಿಗೆ ಮೀಸಲಿಡಬೇಕೆಂ ದು ನನ್ನ ಪ್ರಾರ್ಥನೆ. ಅಧ್ಯಾಪಕ ಮಿತ್ರರು ಈ ಮಾಗಿಯಲ್ಲಿಯೇ ತಮ್ಮ ತಮ್ಮ ಕೋಣೆಗಳ ಗೋಡೆಗೆ ಹಾಳೆ ಅಂಟಿಸಿ ನೋಡಲಿ. ಕಪಾಟುಗಳನ್ನು ಸರಿಸಿ ಹಿಂದೆ ಇಣುಕಿ ನೋಡಲಿ. ಮುಂದಿನ ಆರಿದ್ರಾ ಮಳೆ ಹುಟ್ಟುವುದರೊಳಗೆ ಆಗಬೇಕಾದ ಕೆಲಸವೇನೆಂಬುದು ಅಲ್ಲಿ ಬರೆದಿರುತ್ತದೆ.